ತಾನಾಗಿ ಇಳಿದ ಗೇಟು

ಗೇಟು ತಾನಾಗಿಯೇ ಇಳಿಯಿತು ಎಂದು ಹೇಳುತ್ತಿದ್ದವರು ಒಬ್ಬರೇ, ಅಲ್ಲಿ ಕೆಲಸಕ್ಕಿದ್ದ ಗೇಟ್‌ಮನ್. ಅವರ ಮಾತನ್ನು ನಂಬಿದವರು ಯಾರೂ ಇರಲಿಲ್ಲ. ಮೊದಮೊದಲು ನಾನೂ ನಂಬಿರಲಿಲ್ಲ.

ಹುಣಸಗಿಯಿಂದ ಸ್ವಲ್ಪ ದೂರದಲ್ಲಿ ದೊಡ್ಡ ಕಾಲುವೆಯಿಂದ ಒಂದು ವಿತರಣಾ ಕಾಲುವೆ ಕವಲೊಡೆಯುತ್ತದೆ. ಆ ಕವಲಿನ ಬಾಯಲ್ಲಿ ಒಂದು ಕಬ್ಬಿಣದ ಗೇಟು. ಹಿಂದೆ ಅದನ್ನು ಕೈಯಿಂದ ಚಕ್ರ ತಿರುಗಿಸಿ ಏರಿಸಿ ಇಳಿಸುತ್ತಿದ್ದರು. ನಮ್ಮ ಕಂಪನಿ ಅದಕ್ಕೆ ಮೋಟಾರು ಕೂಡಿಸಿ, ಪಕ್ಕದ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು, ಮೇಲಿನ ಕಚೇರಿ ಹೇಳಿದಷ್ಟು ಎತ್ತರಕ್ಕೆ ಗೇಟು ತಾನೇ ಬಂದು ನಿಲ್ಲುವಂತೆ ಪ್ರೋಗ್ರಾಂ ಬರೆದುಕೊಟ್ಟಿತ್ತು. ಗೇಟು ಎಷ್ಟು ತೆರೆದಿರಬೇಕು ಎನ್ನುವ ಸಂಖ್ಯೆಯನ್ನು ನಾವು ‘ಗುರಿ’ ಎನ್ನುತ್ತಿದ್ದೆವು. ಗುರಿ ಅರವತ್ತು ಎಂದರೆ ಅರವತ್ತು ಸೆಂಟಿಮೀಟರ್ ತೆರೆದಿರಬೇಕು. ಪ್ರೋಗ್ರಾಂ ಅರ್ಧ ತಾಸಿಗೊಮ್ಮೆ ಆ ಗುರಿಯನ್ನು ಓದುತ್ತಿತ್ತು. ಗೇಟು ಕೆಳಗಿದ್ದರೆ ಏರಿಸುತ್ತಿತ್ತು, ಮೇಲಿದ್ದರೆ ಇಳಿಸುತ್ತಿತ್ತು. ಅಷ್ಟೇ ಅದರ ಕೆಲಸ.

ಬೇಸಿಗೆ ಬೆಳೆಗೆ ವಾರಬಂದಿಯ ಮೇಲೆ ನೀರು ಬಿಡುವಾಗ, ಅಂದರೆ ಒಂದು ವಾರ ಮೇಲಿನ ಊರುಗಳಿಗೆ, ಇನ್ನೊಂದು ವಾರ ಕೊನೆಯ ಊರುಗಳಿಗೆ ಪಾಳಿ ಹಾಕಿ ಹರಿಸುವಾಗ, ಈ ಗೇಟು ಯಾರೂ ಹೇಳದೆ ಪೂರ್ತಿ ಮುಚ್ಚಿಕೊಳ್ಳತೊಡಗಿತು. ಅದೂ ಕೊನೆಯ ಊರುಗಳ ಪಾಳಿಯಲ್ಲೇ. ಮೇಲಿನ ಊರುಗಳ ಪಾಳಿಯಲ್ಲಿ ಈ ಗೇಟನ್ನು ಕೈಯಿಂದಲೇ ಇಡುತ್ತಿದ್ದರು, ಆಗ ಏನೂ ಆಗುತ್ತಿರಲಿಲ್ಲ. ದೇವಾಪುರದ ದಿಕ್ಕಿಗೆ ಕಾಲುವೆ ಮುಗಿಯುವ ಕಡೆ ಭತ್ತ ಹೊಡೆ ತುಂಬಿಕೊಂಡು, ಇನ್ನೇನು ತೆನೆ ಬಿಡುವಂತೆ ನಿಂತಿತ್ತು. ಅಂಥ ಹೊತ್ತಿನಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ನೀರಾವರಿ ಇಲಾಖೆಯ ಆ ಭಾಗದ ಶಾಖಾಧಿಕಾರಿ ದಾಖಲೆ ತೆಗೆದು ನೋಡಿದರೆ, ಗೇಟು ಇಳಿದಾಗಲೆಲ್ಲ ಪಾಳಿಯಲ್ಲಿ ಇದ್ದದ್ದು ಇದೇ ಗೇಟ್‌ಮನ್. ಬೇರೆಯವರ ಪಾಳಿಯಲ್ಲಿ ಒಮ್ಮೆಯೂ ಇಳಿದಿರಲಿಲ್ಲ. ಮೇಲಿನ ಊರಿನವರ ಜೊತೆ ಸೇರಿಕೊಂಡು ಇವರೇ ಮುಚ್ಚುತ್ತಿದ್ದಾರೆ ಎಂದು ಕೊನೆಯ ಊರಿನವರು ತೀರ್ಮಾನಿಸಿಬಿಟ್ಟರು.

ಕಂಪನಿಯ ಮ್ಯಾನೇಜರು ನನ್ನನ್ನು ಕಲಬುರಗಿಯಿಂದ ಕಳಿಸಿದ್ದು ದೋಷ ಹುಡುಕಲು ಅಲ್ಲ. ಹೋಗಿ ನೋಡಿ, ಪ್ರೋಗ್ರಾಂ ಸರಿಯಾಗಿದೆ ಎಂದು ಹೇಳಿ ಬಾ ಎಂದಿದ್ದರು. ಅದನ್ನು ಬರೆದವರು ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದರು. ಆ ಕೋಡನ್ನು ಓದಬಲ್ಲವಳು ಕಂಪನಿಯಲ್ಲಿ ನಾನೊಬ್ಬಳೇ ಉಳಿದಿದ್ದೆ.

ಇರಲು ಕ್ಯಾಂಪಿನಲ್ಲಿ ಒಂದು ಕ್ವಾರ್ಟರ್ಸು ಕೊಟ್ಟರು. ಕಾಲುವೆ ತೋಡುವ ಕಾಲದಲ್ಲಿ ಕಟ್ಟಿದ ಸಾಲು ಮನೆಗಳು ಅವು. ಆಗ ಅಲ್ಲಿ ಊರಿಗೆ ಊರೇ ಇತ್ತಂತೆ. ನಾನು ಹೋದಾಗ ನನ್ನ ಎಡಬಲದ ಮನೆಗಳಿಗೆ ಬಾಗಿಲೂ ಇರಲಿಲ್ಲ. ಚಾವಣಿ ಕಿತ್ತ ಕೋಣೆಗಳಲ್ಲಿ ಜಾಲಿ ಬೆಳೆದಿತ್ತು. ಸಂಜೆ ಹುಣಸಗಿಯ ಖಾನಾವಳಿಯಿಂದ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಸಿಕೊಂಡು ಬಂದು ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದೆ. ಮಾತನಾಡಲು ಯಾರೂ ಇಲ್ಲ. ಯಾದಗಿರಿಯಿಂದ ಅವ್ವ ಫೋನು ಮಾಡಿ, ಏನು ಮಾಡಾಕತ್ತೀ ಎಂದು ಕೇಳುತ್ತಿದ್ದಳು. ಏನು ಹೇಳಬೇಕು ಎಂದು ತಿಳಿಯದೆ ಕೆಲಸ ನಡೆದಿದೆ ಎನ್ನುತ್ತಿದ್ದೆ. ಆ ಕೆಲಸವನ್ನು ನನ್ನವರು ಯಾರಿಗೂ ವಿವರಿಸಿ ಹೇಳುವಂತಿರಲಿಲ್ಲ.

ಹಗಲು ಗೇಟಿನ ಕೋಣೆ. ಗೇಟ್‌ಮನ್ ಐವತ್ತು ದಾಟಿದವರು, ಕಡಿಮೆ ಮಾತಿನವರು. ನಾನು ಅವರ ಮೇಲೆ ಕಣ್ಣಿಡಲು ಬಂದವಳು ಎಂದು ಮೊದಲ ದಿನವೇ ತಿಳಿದುಕೊಂಡಿದ್ದರು. ನಾನು ಒಳಗಿದ್ದರೆ ಅವರು ಹೊರಗೆ ಗೇಟಿನ ಹಲ್ಲುಚಕ್ರಗಳಿಗೆ ಗ್ರೀಸು ಹಚ್ಚುತ್ತ ನಿಲ್ಲುತ್ತಿದ್ದರು. ಅವರು ಒಳಗೆ ಬಂದರೆ ನಾನು ನೀರು ನೋಡುವ ನೆಪ ಮಾಡಿ ಎದ್ದುಹೋಗುತ್ತಿದ್ದೆ. ಶಾಖಾಧಿಕಾರಿಗೆ ನಾನು ಕಂಪನಿಯ ಕಡೆಯವಳು. ಕಾಲುವೆಯ ದಂಡೆಯಲ್ಲಿ ಹೋಗಿ ಬರುವ ರೈತರಿಗೆ ನಾನು ಸರ್ಕಾರದವಳು. ಕಂಪನಿಗೆ ಫೋನು ಮಾಡಿದರೆ, ಇನ್ನೂ ಅಲ್ಲೇ ಇದ್ದೀಯಾ ಎನ್ನುವ ದನಿ.

ನಾನು ಬಳಸುತ್ತಿದ್ದದ್ದು ಜಿಡಿಬಿ ಎನ್ನುವ ಡೀಬಗ್ಗರ್. ಅದಕ್ಕೆ ಬಣ್ಣವಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದರೆ ಒಂದು ಸಾಲು ಉತ್ತರ ಕೊಡುತ್ತದೆ. ಓಡುತ್ತಿರುವ ಪ್ರೋಗ್ರಾಮಿಗೆ ಅದನ್ನು ತಗುಲಿಸಿದರೆ, ನಮಗೆ ಬೇಕಾದ ಜಾಗದಲ್ಲಿ ಪ್ರೋಗ್ರಾಮನ್ನು ನಿಲ್ಲಿಸಿ, ಆ ಕ್ಷಣ ಅದರ ಹೊಟ್ಟೆಯಲ್ಲಿ ಯಾವ ಸಂಖ್ಯೆ ಎಲ್ಲಿದೆ ಎಂದು ನೋಡಬಹುದು. ಪ್ರೋಗ್ರಾಂ ಸತ್ತುಬಿದ್ದರೆ ಕೆಲಸ ಸುಲಭ, ಸತ್ತ ಜಾಗದಲ್ಲೇ ಸುಳಿವು ಉಳಿದಿರುತ್ತದೆ. ಇಲ್ಲಿ ಅದು ಸಾಯುತ್ತಿರಲಿಲ್ಲ. ತಪ್ಪು ಕೆಲಸವನ್ನು ಶಾಂತವಾಗಿ ಮಾಡಿ ಮುಂದಕ್ಕೆ ಹೋಗುತ್ತಿತ್ತು. ಅದು ಬರೆದಿಟ್ಟ ದಾಖಲೆಯಲ್ಲಿ ಒಂದೇ ಮಾತು: ಗುರಿ ಸೊನ್ನೆ, ಗೇಟು ಇಳಿಸಲಾಗಿದೆ. ಗುರಿ ಸೊನ್ನೆ ಮಾಡಿದವರು ಯಾರು ಎಂದು ಅದರಲ್ಲಿ ಇರಲಿಲ್ಲ.

ಕೋಡಿನಲ್ಲಿ ಗುರಿಯನ್ನು ಬದಲಿಸುವ ಫಂಕ್ಷನ್, ಅಂದರೆ ಆ ಕೆಲಸ ಮಾಡುವ ತುಣುಕು, ಒಂದೇ ಒಂದು. ಮೇಲಿನ ಕಚೇರಿಯಿಂದ ಆದೇಶ ಬಂದರೂ ಅದರ ಮೂಲಕವೇ, ಕೋಣೆಯ ಕೀಲಿಮಣೆಯಿಂದ ಯಾರಾದರೂ ಬದಲಿಸಿದರೂ ಅದರ ಮೂಲಕವೇ. ನಾನು ಅಲ್ಲಿ ಒಂದು ಬ್ರೇಕ್‌ಪಾಯಿಂಟ್ ಹಾಕಿದೆ. ಯಾರೇ ಆ ದಾರಿಯಲ್ಲಿ ಬಂದರೂ ಪ್ರೋಗ್ರಾಂ ನಿಂತು ನನ್ನ ಲ್ಯಾಪ್‌ಟಾಪಿನಲ್ಲಿ ಹೇಳಬೇಕು. ಗೇಟ್‌ಮನ್ ಕೈಯಾಡಿಸಿದರೆ ಸಿಕ್ಕಿಬೀಳುತ್ತಾರೆ ಎನ್ನುವುದೂ ನನ್ನ ಮನಸ್ಸಿನಲ್ಲಿ ಇತ್ತು.

ಆ ವಾರ ಮೇಲಿನವರ ಪಾಳಿ. ಏನೂ ಆಗಲಿಲ್ಲ. ಕೊನೆಯ ಊರುಗಳ ಪಾಳಿ ಶುರುವಾದ ಬೆಳಿಗ್ಗೆ ಕಚೇರಿಯಿಂದ ಅರವತ್ತರ ಆದೇಶ ಬಂತು. ಪ್ರೋಗ್ರಾಂ ಬ್ರೇಕ್‌ಪಾಯಿಂಟಿನಲ್ಲಿ ನಿಂತು ಹೇಳಿತು. ನಾನು ಮುಂದುವರಿ ಎಂದೆ. ಗೇಟು ಏರಿತು, ನೀರು ಬಿಳಿ ನೊರೆ ಕಟ್ಟಿಕೊಂಡು ಕವಲಿಗೆ ನುಗ್ಗಿತು. ಗೇಟ್‌ಮನ್ ಪಾಳಿಗೆ ಬಂದು ತಮ್ಮ ಕೆಲಸ ಮಾಡಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಮೋಟಾರಿನ ಸದ್ದು ಕೇಳಿತು. ಕಿಟಕಿಯಿಂದ ನೋಡಿದೆ. ಗೇಟು ಇಳಿಯುತ್ತಿತ್ತು. ಗೇಟ್‌ಮನ್ ದಂಡೆಯ ಆಚೆ ಬರಿಗೈಯಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ನನ್ನ ಪರದೆಯಲ್ಲಿ ಒಂದು ಸಾಲೂ ಬಂದಿರಲಿಲ್ಲ.

ಇದರ ಅರ್ಥ ನನಗೆ ತಿಳಿಯಲು ಕೆಲವು ಕ್ಷಣ ಬೇಕಾದವು. ಗುರಿಯನ್ನು ಬದಲಿಸುವ ಬಾಗಿಲು ಒಂದೇ. ಆ ಬಾಗಿಲಿನಿಂದ ಯಾರೂ ಬಂದಿಲ್ಲ. ಆದರೂ ಗುರಿ ಬದಲಾಗಿದೆ.

ಆಗಲೇ ಆ ಸಂಖ್ಯೆಯನ್ನು ತೆಗೆದು ನೋಡಬೇಕಿತ್ತು. ಅಷ್ಟರಲ್ಲಿ ಗೇಟ್‌ಮನ್ ಓಡಿಬಂದು ಕಚೇರಿಗೆ ಫೋನು ಮಾಡಿದ್ದರು, ಕಚೇರಿಯಿಂದ ಬಂದ ಹೊಸ ಆದೇಶವನ್ನು ನಾನು ಗಡಿಬಿಡಿಯಲ್ಲಿ ಮುಂದೆ ಬಿಟ್ಟೆ, ಗುರಿ ಮತ್ತೆ ಅರವತ್ತಾಯಿತು. ನನಗೆ ಬೇಕಾದ ಸುಳಿವು ಅಳಿಸಿಹೋಯಿತು. ನೀರು ನಿಂತದ್ದು ಕಂಡ ಕೂಡಲೇ ಕೊನೆಯ ಊರಿನ ರೈತರು ಮೋಟಾರ್ ಸೈಕಲ್ಲುಗಳ ಮೇಲೆ ಬಂದರು. ಅವರ ಮುಂದಾಳು, ಎತ್ತರದ ಒಬ್ಬ ಹಿರಿಯ ರೈತ, ಗೇಟ್‌ಮನ್‌ರ ಹೆಗಲ ಮೇಲಿನ ಟವೆಲ್ ಹಿಡಿದು ಜಗ್ಗಿದರು. ಹೊಡೆಯಲಿಲ್ಲ. ಆದರೆ ಅಷ್ಟು ಜನರ ಮುಂದೆ ಟವೆಲ್ ಕೆಳಗೆ ಬಿತ್ತು, ಅದನ್ನು ಗೇಟ್‌ಮನ್ ತಾವೇ ಬಗ್ಗಿ ಎತ್ತಿಕೊಂಡರು. ಶಾಖಾಧಿಕಾರಿ ಬಂದು, ನಾಳೆಯಿಂದ ಬರಬೇಡಿ ಎಂದು ಅವರಿಗೆ ಅಲ್ಲೇ ಹೇಳಿದರು.

ನಾನು ಶಾಖಾಧಿಕಾರಿಯನ್ನು ಪಕ್ಕಕ್ಕೆ ಕರೆದು, ಇದು ಅವರು ಮಾಡಿದ್ದಲ್ಲ, ನನ್ನ ಹತ್ತಿರ ಗುರುತಿದೆ ಎಂದೆ. ಏನು ಗುರುತು ಎಂದು ಕೇಳಿದರು. ಪರದೆಯಲ್ಲಿ ಏನೂ ಬರಲಿಲ್ಲ ಎನ್ನುವುದೇ ಗುರುತು ಎಂದು ಹೇಳಿದೆ. ಹಾಗೆ ಹೇಳುವಾಗ ನನಗೇ ಅದು ಬಾಲಿಶವಾಗಿ ಕೇಳಿಸಿತು. ಅವರು ಕೆಟ್ಟ ಮನುಷ್ಯರಲ್ಲ. ಹೊರಗೆ ನಿಂತ ಜನರ ಕಡೆ ಒಮ್ಮೆ ನೋಡಿ, ಈಗ ಇದನ್ನು ಇವರಿಗೆ ಹ್ಯಾಂಗ ಹೇಳ್ಲಿ ಎಂದಷ್ಟೇ ಅಂದು ಹೋದರು.

ಮರುದಿನದಿಂದ ಬೇರೊಬ್ಬ ಗೇಟ್‌ಮನ್ ಬಂದರು. ನಾನು ಈ ಸಲ ಬ್ರೇಕ್‌ಪಾಯಿಂಟನ್ನು ಬಿಟ್ಟು ವಾಚ್‌ಪಾಯಿಂಟ್ ಹಾಕಿದೆ. ಅದು ಬಾಗಿಲು ಕಾಯುವುದಿಲ್ಲ, ವಸ್ತುವನ್ನೇ ಕಾಯುತ್ತದೆ. ಮೆಮೊರಿಯಲ್ಲಿ ಗುರಿ ಇರುವ ಆ ನಾಲ್ಕು ಬೈಟಿನ ಜಾಗವನ್ನು ಯಾರು ಯಾವ ದಾರಿಯಿಂದ ಮುಟ್ಟಿದರೂ, ಮುಟ್ಟಿದ ಕೈಯನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ.

ಯಾರೂ ಮುಟ್ಟಲಿಲ್ಲ. ಕಚೇರಿಯ ಆದೇಶ ಬಂದಾಗ ಮಾತ್ರ ನಿಲ್ಲುತ್ತಿತ್ತು, ನಾನು ಮುಂದೆ ಕಳಿಸುತ್ತಿದ್ದೆ. ಗೇಟು ಅರವತ್ತಕ್ಕೆ ನಿಂತದ್ದು ನಿಂತೇ ಇತ್ತು. ದಿನಗಳು ಹೋದವು, ಪಾಳಿ ಮುಗಿದು ಮತ್ತೆ ಪಾಳಿ ಬಂತು. ನಾನು ಬೆಳಿಗ್ಗೆ ಹೋಗಿ ಆ ಕಪ್ಪು ಪರದೆಯ ಮುಂದೆ ಕೂತರೆ ಸಂಜೆ ಏಳುತ್ತಿದ್ದೆ. ಹೊಸ ಗೇಟ್‌ಮನ್ ಮಾತುಗಾರ, ಆದರೆ ಅವರ ಮಾತೆಲ್ಲ ಫೋನಿನಲ್ಲಿ. ನಾನು ಒಮ್ಮೊಮ್ಮೆ ಪರದೆಯ ಮೇಲೆ ಮಿಣುಕುವ ಆ ಸಣ್ಣ ಗೆರೆಗೆ, ಬಾ ಎಂದು ಮೆಲ್ಲಗೆ ಹೇಳಿದ್ದೂ ಉಂಟು. ಕೋಡನ್ನು ಮೊದಲಿನಿಂದ ಓದಿದೆ. ಕಲಬುರಗಿಯಲ್ಲಿ ಪರೀಕ್ಷೆ ಮಾಡಿದ ಹಾಗೇ ನನ್ನ ಹೆಸರಿನಲ್ಲಿ ಒಳಹೊಕ್ಕು, ಆದೇಶ ಕೊಟ್ಟು, ಹಿಂತೆಗೆದು, ಕರೆಂಟು ತೆಗೆದು ಹಾಕಿ ಎಲ್ಲ ಮಾಡಿದೆ. ಏನೂ ಆಗಲಿಲ್ಲ.

ಹಳೆಯ ಗೇಟ್‌ಮನ್ ಹೋದರು, ಗೇಟು ಸರಿಯಾಯಿತು. ಊರಿನವರಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಕಾಲುವೆಯ ಮೇಲೆ ಹೋಗುವವರು ನಗುನಗುತ್ತ, ಈಗ ನೋಡ್ರಿ ನೀರು ಹೆಂಗ ಬರಾಕತ್ತೈತಿ ಎಂದು ನನಗೂ ಕೂಗಿ ಹೇಳಿ ಹೋಗುತ್ತಿದ್ದರು. ಮ್ಯಾನೇಜರು ಫೋನು ಮಾಡಿದರು. ಮನುಷ್ಯ ಬದಲಾದ, ತೊಂದರೆ ನಿಂತಿತು, ವಿಷಯ ಮುಗಿಯಿತು, ನಾಳೆ ಹೊರಟು ಬಾ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು.

ಆ ಸಂಜೆ ರೊಟ್ಟಿ ಬಿಚ್ಚದೆ ಕಾಲುವೆಯ ದಂಡೆಯ ಮೇಲೆ ಕೂತೆ. ಪ್ರೋಗ್ರಾಂ ತಾನೇ ಗೇಟು ಇಳಿಸಿದ್ದನ್ನು ಕಣ್ಣಾರೆ ಕಂಡವರು ಈ ಲೋಕದಲ್ಲಿ ಇಬ್ಬರೇ. ಒಬ್ಬರನ್ನು ಮನೆಗೆ ಕಳಿಸಿದ್ದರು. ಇನ್ನೊಬ್ಬಳು ನಾಳೆ ಬಸ್ಸು ಹತ್ತಿದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಯೋಚಿಸುತ್ತಿರುವಾಗ ಊರಿನವರ ವಾದವನ್ನೇ ತಿರುಗಿಸಿ ನೋಡಿದೆ. ಅವರಿದ್ದಾಗ ಮಾತ್ರ ಗೇಟು ಇಳಿಯುತ್ತದೆ ಎನ್ನುವುದು ಸುಳ್ಳಲ್ಲ. ಅವರು ಇಳಿಸಿಲ್ಲ ಎನ್ನುವುದೂ ಸುಳ್ಳಲ್ಲ. ಎರಡೂ ನಿಜವಾದರೆ, ಅವರು ತಮಗೇ ಗೊತ್ತಿಲ್ಲದೆ ದಿನವೂ ಮಾಡುವ, ಉಳಿದವರು ಯಾರೂ ಮಾಡದ ಯಾವುದೋ ಒಂದು ಕೆಲಸ ಇರಲೇಬೇಕು. ಅದನ್ನು ಕೋಡು ಓದಿ ಕಂಡುಹಿಡಿಯಲು ನನ್ನಿಂದ ಆಗಿರಲಿಲ್ಲ. ಅವರನ್ನೇ ಕರೆತರಬೇಕಿತ್ತು.

ಬೆಳಿಗ್ಗೆ ಮ್ಯಾನೇಜರಿಗೆ ಬರುವುದಿಲ್ಲ ಎಂದು ತಿಳಿಸಿ ಶಾಖಾಧಿಕಾರಿಯ ಕಚೇರಿಗೆ ಹೋದೆ. ಹಳೆಯ ಗೇಟ್‌ಮನ್‌ರನ್ನು ಮತ್ತೆ ಕರೆಸಬೇಕು ಎನ್ನುವ ನನ್ನ ಬೇಡಿಕೆ ಕೇಳಿಯೇ ಅವರಿಗೆ ತಲೆಬಿಸಿಯಾಯಿತು. ಮತ್ತೆ ಗೇಟು ಬಿದ್ದರೆ ಜನ ನನ್ನನ್ನೂ ಬಿಡುವುದಿಲ್ಲ, ನಿಮ್ಮನ್ನೂ ಬಿಡುವುದಿಲ್ಲ ಎಂದರು. ಮೋಟಾರಿನ ವೈರು ತೆಗೆದಿಡುತ್ತೇನೆ, ಪ್ರೋಗ್ರಾಂ ಏನು ಹೇಳಿದರೂ ಗೇಟು ಅಲುಗಾಡುವುದಿಲ್ಲ ಎಂದೆ. ಕೊನೆಗೆ, ಒಂದು ಮುಂಜಾನೆ ಮಾತ್ರ, ತಾವು ಎದುರಿಗೆ ಇರುವಾಗ ಮಾತ್ರ ಎಂದು ಒಪ್ಪಿದರು.

ಗೇಟ್‌ಮನ್‌ರ ಊರು ಕಕ್ಕೇರಾ. ಮಧ್ಯಾಹ್ನದ ಬಸ್ಸಿಗೆ ಹೋದೆ. ಅವರು ಮನೆಯ ಮುಂದೆ ಕೂತು ಹೊರಸಿಗೆ ಹೊಸ ಹಗ್ಗ ಹೆಣೆಯುತ್ತಿದ್ದರು. ನನ್ನನ್ನು ನೋಡಿ ಏಳಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅವರ ಹೆಂಡತಿ ನೀರು ತಂದುಕೊಟ್ಟು, ಕುಂಡ್ರವ್ವ ಎಂದರು. ಊರಿನ ಮಂದಿ, ನಿನ್ನ ಗಂಡ ಯಾಕೆ ಮನೆಯಲ್ಲಿ ಕೂತಿದ್ದಾನೆ ಎಂದು ದಿನಾ ಕೇಳುತ್ತಾರೆ, ಏನು ಹೇಳುವುದು ತಿಳಿಯುವುದಿಲ್ಲ ಎಂದು ನನಗೆ ಹೇಳಿದರು. ಗಂಡ ಒಮ್ಮೆ ತಲೆಯೆತ್ತಿ ನೋಡಿದ್ದಕ್ಕೆ ಒಳಗೆ ಹೋದರು.

ನಾನು ಬಂದ ಕಾರಣ ಹೇಳಿದೆ. ಅವರು ಹಗ್ಗ ಬಿಗಿಯುತ್ತಲೇ ಕೇಳಿಸಿಕೊಂಡರು.

“ಕಾಕಾ, ಆ ಗೇಟ ನೀವು ಇಳಿಸಿಲ್ಲ ಅಂತ ನನಗ ಗೊತ್ತೈತಿ,” ಎಂದೆ. “ಆದ್ರ ಮಂದಿಗೆ ತೋರ್ಸಾಕ ನೀವ ಬೇಕು.”

“ಗೊತ್ತಿತ್ತಂದ್ರ ಅವತ್ತ ಎಲ್ಲಾರ ಮುಂದ ಯಾಕ ಹೇಳ್ಲಿಲ್ರಿ?”

ಹೇಳಲು ಧೈರ್ಯ ಸಾಲಲಿಲ್ಲ ಎಂದೆ. ಅವರು ಹೊರಸಿನ ಆ ಬದಿಯ ಹಗ್ಗ ಮುಗಿಸಿ, ಗಂಟು ಹಾಕಿ, ಕೈ ಒರೆಸಿಕೊಂಡು, ತಾವು ಬಂದಾಗ ಮತ್ತೆ ಗೇಟು ಬಿದ್ದರೆ ಅದನ್ನೂ ತಮ್ಮ ತಲೆಗೇ ಕಟ್ಟುತ್ತಾರೆ ಎಂದರು. ಮೋಟಾರು ಕಟ್ಟಿಯೇ ಇರುವುದಿಲ್ಲ ಎಂದು ವಿವರಿಸಿದೆ. ಬರುತ್ತೇನೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಆಚೆ ಕಾಲುವೆ ನೀರಿನ ಹಸಿರು ಗದ್ದೆಗಳು ಉದ್ದಕ್ಕೂ ಹಿಂದೆ ಸರಿಯುತ್ತಿದ್ದವು. ಇಷ್ಟು ದಿನದಲ್ಲಿ ನಾನು ಒಬ್ಬ ಮನುಷ್ಯನ ಜೊತೆ ಪೂರ್ತಿಯಾಗಿ ಆಡಿದ ಮಾತು ಇದೊಂದೇ ಎನ್ನಿಸಿತು. ಅದೂ ಹೀಗೆ ಆಯಿತಲ್ಲ ಎಂದು ಸಂಕಟವಾಯಿತು.

ಆದರೆ ಮರುದಿನ ಮೊದಲ ಬಸ್ಸಿಗೇ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

ಶಾಖಾಧಿಕಾರಿ ಗೋಡೆಗೆ ಒರಗಿ ನಿಂತರು. ಹೊಸ ಗೇಟ್‌ಮನ್ ಹೊರಗೆ ಚಕ್ರದ ಹತ್ತಿರ ನಿಂತರು. ಮೋಟಾರಿನ ವೈರನ್ನು ನಾನೇ ಬಿಚ್ಚಿ ಎಲ್ಲರಿಗೂ ಕಾಣುವಂತೆ ನೆಲದ ಮೇಲೆ ಇಟ್ಟೆ. ಕಚೇರಿಯಿಂದ ಅರವತ್ತರ ಆದೇಶ ತರಿಸಿ, ಗುರಿಯ ಮೇಲೆ ವಾಚ್ ಹಾಕಿ ಕೂತೆ. ಕಾಕಾ, ದಿನಾ ಏನು ಮಾಡುತ್ತೀರೋ ಅದನ್ನೇ ಮಾಡಿ, ಒಂದೂ ಬಿಡಬೇಡಿ, ಒಂದೂ ಹೆಚ್ಚು ಮಾಡಬೇಡಿ ಎಂದೆ.

ಅವರು ಹೊರಗೆ ಹೋಗಿ ನೀರಿನ ಮಟ್ಟ ನೋಡಿ ಬಂದರು. ಏನೂ ಆಗಲಿಲ್ಲ. ಬ್ಯಾಟರಿಯ ಪೆಟ್ಟಿಗೆ ತೆರೆದು ಮುಚ್ಚಿದರು. ಏನೂ ಇಲ್ಲ. ಟವೆಲ್ಲಿನಿಂದ ಪರದೆಯ ಧೂಳು ಒರೆಸಿದರು. ಏನೂ ಇಲ್ಲ. ಶಾಖಾಧಿಕಾರಿ ಕೈಗಡಿಯಾರ ನೋಡಿಕೊಂಡರು. ಕೊನೆಗೆ ಕಾಕಾ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಕೂತು, ಪಾಳಿಗೆ ಬಂದವರು ತಮ್ಮ ಹೆಸರು ಬರೆಯುವ ಜಾಗದಲ್ಲಿ ಹೆಸರು ಬರೆಯತೊಡಗಿದರು. ಒಂದೇ ಬೆರಳಿನಿಂದ, ಒಂದೊಂದು ಅಕ್ಷರ ಹುಡುಕಿ. ಬರೆದು ಮುಗಿಸಿ ಎಂಟರ್ ಒತ್ತಿದರು.

ಅವರ ಪರದೆ ಗಕ್ಕನೆ ನಿಂತುಬಿಟ್ಟಿತು. ನನ್ನ ಪರದೆಯ ಮೇಲೆ ಸಾಲುಗಳು ಬಂದವು. ಹಳೆಯ ಬೆಲೆ ಅರವತ್ತು, ಹೊಸ ಬೆಲೆ ನೂರಾ ನಲವತ್ತೊಂದು. ಮುಂದುವರಿ ಎಂದೆ. ಐವತ್ತೇಳು ಸಾವಿರದ ಮೇಲಾಯಿತು. ಮತ್ತೆ ಮುಂದುವರಿ ಎಂದೆ. ಒಂದು ಕೋಟಿ ದಾಟಿತು. ಇನ್ನೊಮ್ಮೆ. ಸಂಖ್ಯೆ ಪಲ್ಟಿ ಹೊಡೆದು ಮೈನಸ್ ನೂರಾ ನಲವತ್ತಮೂರು ಕೋಟಿಗೆ ಹೋಗಿ ನಿಂತಿತು.

ಸೊನ್ನೆಗಿಂತ ಕಡಿಮೆ ಇರುವುದನ್ನೆಲ್ಲ ಪ್ರೋಗ್ರಾಂ ಸೊನ್ನೆ ಎಂದೇ ಎಣಿಸುತ್ತದೆ. ಸೊನ್ನೆ ಎಂದರೆ ಗೇಟು ಪೂರ್ತಿ ಮುಚ್ಚಬೇಕು. ಅರ್ಧ ತಾಸಿನೊಳಗೆ ಅದು ಗುರಿಯನ್ನು ಓದಿ ಮೋಟಾರಿಗೆ ಇಳಿಸು ಎನ್ನುತ್ತದೆ. ಅಷ್ಟರಲ್ಲಿ ಕಾಕಾ ಎದ್ದು ಹೊರಗೆ ಹೋಗಿರುತ್ತಾರೆ.

ಈಗ ಪ್ರೋಗ್ರಾಂ ಯಾವ ಸಾಲಿನಲ್ಲಿ ನಿಂತಿದೆ ಎಂದು ಡೀಬಗ್ಗರನ್ನು ಕೇಳಿದೆ. ಹೆಸರನ್ನು ನಕಲು ಮಾಡಿಡುವ ಸಾಲು. ಗುರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ, ಮೆಮೊರಿಯಲ್ಲಿ ಇಬ್ಬರೂ ಅಕ್ಕಪಕ್ಕದ ಮನೆಯವರು ಎನ್ನುವುದನ್ನು ಬಿಟ್ಟರೆ. ಹೆಸರಿಗೆಂದು ಮೂವತ್ತೆರಡು ಬೈಟು ಜಾಗ ಬಿಟ್ಟಿದ್ದರು, ಅದಕ್ಕೆ ಹತ್ತಿಕೊಂಡೇ ಗುರಿ. ಪ್ರೋಗ್ರಾಂ ಬರೆಯುವಾಗ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಒಂದು ಅಕ್ಷರಕ್ಕೆ ಒಂದು ಬೈಟು, ಮೂವತ್ತೆರಡು ಬೇಕಾದಷ್ಟಾಗುತ್ತಿತ್ತು. ಆಮೇಲೆ ಇಲಾಖೆಯವರು ಎಲ್ಲ ಕನ್ನಡದಲ್ಲೇ ಇರಲಿ ಎಂದರು, ಕನ್ನಡ ಬಂತು. ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟು ಬೇಕು. ಗುಣಿತದ ಚಿಹ್ನೆ ಸೇರಿದರೆ ಅದಕ್ಕೆ ಬೇರೆ ಮೂರು, ಒತ್ತು ಕೊಟ್ಟರೆ ಮತ್ತೆ ಬೇರೆ. ಜಾಗವನ್ನು ಹಿಗ್ಗಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬೇರೆ ಗೇಟ್‌ಮನ್‌ಗಳ ಹೆಸರು ಚಿಕ್ಕವು, ನನ್ನದೂ ಚಿಕ್ಕದು, ಎಲ್ಲ ಹಿಡಿಸಿದ್ದವು.

ಆ ಬೈಟುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಕನ್ನಡದ ಅಕ್ಷರಗಳೆಲ್ಲ ಅಲ್ಲಿ ಒಂದೇ ಬಗೆಯ ಎರಡು ಗುರುತುಗಳಿಂದ ಶುರುವಾಗುತ್ತವೆ, ಕಂಡ ಕೂಡಲೇ ತಿಳಿಯುತ್ತದೆ. ಗುರಿಯ ಜಾಗದಲ್ಲಿ ಅರವತ್ತು ಇರಲಿಲ್ಲ. ಅಲ್ಲಿ ಒಂದು ‘ಪ’ ಇತ್ತು, ಅದರ ಹಿಂದೆ ಒತ್ತಿನ ಬಾಲ.

“ಏನಾತ್ರಿ?” ಎಂದು ಅವರು ಕುರ್ಚಿಯ ತುದಿಯಲ್ಲಿ ಕೂತೇ ಕೇಳಿದರು. ಕೈಗಳನ್ನು ಕೀಲಿಮಣೆಯಿಂದ ದೂರ ಹಿಡಿದುಕೊಂಡಿದ್ದರು.

“ಇದು ನಿಮ್ಮ ಹೆಸರು, ಕಾಕಾ,” ಎಂದೆ.

ಅವರ ಹೆಸರು ಸಿದ್ಧಲಿಂಗಪ್ಪ. ಆ ಕೊನೆಯ ‘ಪ್ಪ’ ತನ್ನ ಜಾಗ ಸಾಲದೆ ಹೊರಗೆ ಚೆಲ್ಲಿ ಗೇಟಿನ ಮೇಲೆ ಬೀಳುತ್ತಿತ್ತು.

ಶಾಖಾಧಿಕಾರಿ ಇನ್ನೊಮ್ಮೆ ತೋರಿಸಲು ಹೇಳಿದರು. ತೋರಿಸಿದೆ. ಹೊಸ ಗೇಟ್‌ಮನ್‌ರ ಹೆಸರಿನಲ್ಲಿ ಮಾಡಿಸಿದರು, ಏನೂ ಆಗಲಿಲ್ಲ. ಕೊನೆಗೆ ತಾವೇ ಕೂತು, ಸಿದ್ಧಲಿಂಗಪ್ಪ ಎಂದು ತಮ್ಮ ಬೆರಳಿನಿಂದ ಬರೆದು ಎಂಟರ್ ಒತ್ತಿದರು. ಅರವತ್ತು ಕಣ್ಣೆದುರೇ ಮೈನಸ್ಸಾಯಿತು. ಅವರು ಕನ್ನಡಕ ತೆಗೆದು ಹಣೆ ಒರೆಸಿಕೊಂಡರು. ಸದ್ಯಕ್ಕೆ ಹೆಸರನ್ನು ಸಣ್ಣದು ಮಾಡಿ, ಸಿದ್ದಪ್ಪ ಎಂದು ಬರೆದರೆ ಆಯಿತಲ್ಲ ಎಂದು ನನ್ನನ್ನು ಕೇಳಿದರು. ಕಾಕಾ ನನ್ನ ಮುಖ ನೋಡಿದರು. ಹೆಸರು ಸರಿಯಾಗಿಯೇ ಇದೆ, ಸರಿಯಾಗಬೇಕಾದ್ದು ಪ್ರೋಗ್ರಾಂ ಎಂದು ಹೇಳಿ, ಅಲ್ಲೇ ಕೂತು ಜಾಗ ದೊಡ್ಡದು ಮಾಡಿದೆ. ಎಷ್ಟೇ ಉದ್ದದ ಹೆಸರು ಬಂದರೂ ಅಳತೆ ನೋಡಿಯೇ ನಕಲು ಮಾಡುವಂತೆ ಬರೆದೆ. ಬದಲಿಸಿದ್ದು ಕೆಲವೇ ಸಾಲು. ಮ್ಯಾನೇಜರು ಫೋನಿನಲ್ಲಿ, ಇದನ್ನು ಸಣ್ಣ ಸುಧಾರಣೆ ಎಂದು ಹೇಳಿ ಮುಗಿಸು ಎಂದರು. ದೋಷ ನಮ್ಮ ಪ್ರೋಗ್ರಾಮಿನದು, ಮನುಷ್ಯರದಲ್ಲ ಎಂದು ಶಾಖಾಧಿಕಾರಿಗೆ ಆಗಲೇ ಹೇಳಿಬಿಟ್ಟಿದ್ದೇನೆ ಎಂದೆ. ಆ ಕಡೆಯಿಂದ ಫೋನು ಇಟ್ಟರು.

ಎರಡು ದಿನ ಬಿಟ್ಟು ಕೊನೆಯ ಊರಿನ ಶಾಲೆಯ ಅಂಗಳದಲ್ಲಿ ಜನರನ್ನು ಸೇರಿಸಿದರು. ಶಾಖಾಧಿಕಾರಿ ಮಾತು ಶುರುಮಾಡಿ ಉಳಿದದ್ದನ್ನು ನನಗೆ ಬಿಟ್ಟರು. ಅವತ್ತು ಹೇಳಬೇಕಾಗಿದ್ದ ಮಾತನ್ನು ಇವತ್ತು ಹೇಳುತ್ತಿದ್ದೇನೆ ಎಂದುಕೊಂಡೆ. ಹಲಗೆಯ ಮೇಲೆ ಮೂವತ್ತೆರಡು ಚೌಕ ಬರೆದು, ಒಂದೊಂದು ಅಕ್ಷರಕ್ಕೆ, ಗುಣಿತಕ್ಕೆ, ಒತ್ತಿಗೆ ಮೂರು ಮೂರು ಚೌಕ ತುಂಬುತ್ತ ಹೋಗಿ, ಕೊನೆಯ ಅಕ್ಷರ ಹೊರಗೆ ಬಿದ್ದದ್ದನ್ನು ತೋರಿಸಿದೆ. ಸಿದ್ಧಲಿಂಗಪ್ಪನವರು ಹಿಂದೆ, ಬಾಗಿಲ ಹತ್ತಿರ ನಿಂತಿದ್ದರು.

ಮುಂದೆ ಕೂತ ಒಬ್ಬರು ಕೇಳಿದರು: “ಅಂದ್ರ ಇವರ ಹೆಸರು ಉದ್ದ ಆಗಿದ್ದಕ್ಕ ನಮ್ಮ ಹೊಲಕ್ಕ ನೀರ ಬರ್ಲಿಲ್ಲ ಅಂತೀರೇನ್ರಿ?”

ಜನ ನಕ್ಕರು. ಕೆಟ್ಟ ನಗು ಅಲ್ಲ, ಹಗುರಾದ ನಗು. ಅಷ್ಟು ದಿನದ ಸಿಟ್ಟು ಹೋಗಲು ಒಂದು ದಾರಿ ಸಿಕ್ಕಂತೆ ನಕ್ಕರು. ನನಗೂ ನಗು ಬಂತು. ಸಿದ್ಧಲಿಂಗಪ್ಪನವರು ನಗಲಿಲ್ಲ.

ಅವತ್ತು ಟವೆಲ್ ಜಗ್ಗಿದ್ದ ಹಿರಿಯ ರೈತ ಎದ್ದು ಅವರ ಹತ್ತಿರ ಹೋದರು. ಕೈ ಹಿಡಿಯಬೇಕೋ ಬೇಡವೋ ಎಂದು ತಿಳಿಯದವರಂತೆ ನಿಂತು, ಆದದ್ದಾಯಿತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಮನೆ ಇಲ್ಲೇ ಇದೆ, ಚಾ ಕುಡಿದು ಹೋಗೋಣ ನಡೆಯಿರಿ, ನಾಳೆಯಿಂದ ಮತ್ತೆ ನೀವೇ ಬರಬೇಕು ಎಂದೂ ಹೇಳಿದರು.

“ಬರ್ತೀನ್ರಿ,” ಎಂದರು ಸಿದ್ಧಲಿಂಗಪ್ಪನವರು. “ನೀರೂ ಬಿಡ್ತೀನಿ. ಚಾ ಮಾತ್ರ ನಿಮ್ಮೂರಾಗ ಕುಡ್ಯಾಂಗಿಲ್ಲ.”

ದನಿ ಎತ್ತರಿಸದೆ ಹೇಳಿದರು. ಅಂಗಳದ ನಗು ಅಲ್ಲಿಗೆ ನಿಂತಿತು. ಹಿರಿಯ ರೈತ ತಲೆ ತಗ್ಗಿಸಿದರು. ಸಿದ್ಧಲಿಂಗಪ್ಪನವರು ಚಪ್ಪಲಿ ಮೆಟ್ಟಿಕೊಂಡು ಕಾಲುವೆಯ ದಂಡೆ ಹಿಡಿದು ನಡೆದರು. ಶಾಖಾಧಿಕಾರಿ ಜೀಪಿನಲ್ಲಿ ಬನ್ನಿ ಎಂದು ಕರೆದರೂ ತಿರುಗಿ ನೋಡಲಿಲ್ಲ.

ಮರುದಿನ ಅವರು ಪಾಳಿಗೆ ಬಂದಾಗ ನಾನು ಕೋಣೆಯಲ್ಲಿದ್ದೆ. ಪೂರ್ತಿ ಹೆಸರು ಬರೆದರು. ಎಂಟರ್ ಒತ್ತಿ ಕೈ ಮಡಿಲಲ್ಲಿ ಇಟ್ಟುಕೊಂಡು ಗೇಟಿನ ಕಡೆ ನೋಡುತ್ತ ಕೂತರು. ಅರ್ಧ ತಾಸು ನಾವಿಬ್ಬರೂ ಕಾದೆವು. ಪ್ರೋಗ್ರಾಂ ಗುರಿ ಓದಿತು, ಅರವತ್ತು ಎಂದಿತು, ಸುಮ್ಮನಾಯಿತು. ನಾನು ಡೀಬಗ್ಗರ್ ಬಿಡಿಸಿ, ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡೆ. ಬರುತ್ತೇನೆ ಕಾಕಾ ಎಂದೆ. ಸುರಪುರದ ಬಸ್ಸಿಗೆ ಹೊತ್ತಾಯಿತು, ಬಿರಬಿರನೆ ಹೋಗಿ ಎಂದರು.

ಬಸ್ಸು ಕಾಲುವೆಯ ಮಗ್ಗುಲಲ್ಲೇ ಬಹಳ ದೂರ ಹೋಗುತ್ತದೆ. ಕವಲಿನ ತುಂಬ ನೀರು ಕೊನೆಯ ಊರಿನ ಕಡೆ ಹರಿಯುತ್ತಿತ್ತು. ಅದನ್ನು ಬಿಟ್ಟವರು ಆ ಕೋಣೆಯಲ್ಲಿ ಒಬ್ಬರೇ ಕೂತಿದ್ದರು.